ಪಾಠ, ಸಂಶೋಧನೆ, ಚಿಕಿತ್ಸೆ ಮೂರನ್ನೂ ಮಾಡುವ ಡಾಕ್ಟರ ಹತ್ತಿರ ಎರಡೂವರೆ ವರ್ಷ

ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋಗಬೇಕಾ, ಬೇಡವಾ ಅಂತ ಇತ್ತೀಚೆಗೆ ಮೂರು ಜನ ಕೇಳಿದರು. ಮೂವರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳಿದೆ. ಈಗ ಪೂರ್ತಿ ಬರೆಯುತ್ತೇನೆ. ಆಸ್ಪತ್ರೆಯ ಹೆಸರು ಹಾಕುವುದಿಲ್ಲ, ಯಾಕಂದ್ರೆ ಕೆಳಗೆ ದೂರುಗಳೂ ಇವೆ.

ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್, ಒಂದು ಬಗೆಯ ಕೀಲುವಾತ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಕೀಲುಗಳ ಒಳಪೊರೆಯ ಮೇಲೆ ಬೀಳುವ ಕಾಯಿಲೆ. ವಯಸ್ಸಾಗಿ ಕೀಲು ಸವೆದು ಬರುವ ನೋವು ಬೇರೆ, ಇದು ಬೇರೆ. ಬೆಳಗ್ಗೆ ಎದ್ದರೆ ಬೆರಳು ಮಡಚುತ್ತಿರಲಿಲ್ಲ. ಬಾಟಲಿಯ ಮುಚ್ಚಳ ತೆಗೆಯಲು ಅದನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಮೈಯನ್ನೇ ತಿರುಗಿಸುತ್ತಿದ್ದೆ. ಆ ಬಿಗಿತ ಬಿಡಲು ಒಂದೂವರೆ ಗಂಟೆ ಬೇಕಿತ್ತು. ಏಳು ತಿಂಗಳು ಬೇರೆ ಕಡೆ ತೋರಿಸಿದೆ. ನೋವಿನ ಮಾತ್ರೆ ಕೊಟ್ಟರು, ಮುಗಿದ ಮೇಲೆ ಇನ್ನೊಂದು ಬಗೆಯ ನೋವಿನ ಮಾತ್ರೆ ಕೊಟ್ಟರು. ನನ್ನ ಕೈಯನ್ನು ಯಾರೂ ಮುಟ್ಟಿ ನೋಡಲಿಲ್ಲ. ಇದನ್ನು ಕೋಪದಿಂದ ಹೇಳುತ್ತಿಲ್ಲ, ಆದರೆ ಆ ಏಳು ತಿಂಗಳು ನನಗೆ ಈಗಲೂ ನೋವು ಕೊಡುತ್ತದೆ. ಈ ಕಾಯಿಲೆಯಲ್ಲಿ ಮೊದಲ ತಿಂಗಳುಗಳೇ ಮುಖ್ಯ. ಮೂಳೆ ಒಮ್ಮೆ ಕೊರೆದುಹೋದರೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ನನ್ನ ಬಲಗೈಯ ಒಂದು ಗೆಣ್ಣಿನಲ್ಲಿ ಹಾಗೆ ಆಗಿದೆ.

ಆಮೇಲೆ ಪರಿಚಯದವರೊಬ್ಬರು ಈ ಕಾಲೇಜಿನ ರುಮಟಾಲಜಿ, ಅಂದರೆ ಕೀಲುರೋಗ ವಿಭಾಗಕ್ಕೆ ಹೋಗು ಅಂದರು. ನನಗೆ ಮನಸ್ಸಿರಲಿಲ್ಲ. ಅಲ್ಲಿ ವಿದ್ಯಾರ್ಥಿಗಳು ನಮ್ಮ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ, ಪ್ರೊಫೆಸರ್‌ಗಳಿಗೆ ರೋಗಿಗಿಂತ ರಿಸರ್ಚ್ ಮುಖ್ಯ ಅನ್ನೋ ಮಾತನ್ನು ಕೇಳಿದ್ದೆ, ನಂಬಿಯೂ ಇದ್ದೆ.

ಮೊದಲ ದಿನ ನನ್ನ ಕಥೆಯನ್ನು ಮೂರು ಸಲ ಹೇಳಿದೆ. ಮೊದಲು ಒಬ್ಬ ವಿದ್ಯಾರ್ಥಿಗೆ, ಆಮೇಲೆ ರೆಸಿಡೆಂಟ್ ಡಾಕ್ಟರಿಗೆ (ಡಾಕ್ಟರಾಗಿ ಮೇಲಿನ ತರಬೇತಿ ಪಡೆಯುತ್ತಿರುವವರು), ಕೊನೆಗೆ ಪ್ರೊಫೆಸರಿಗೆ. ಎರಡನೇ ಸಲ ಹೇಳುವಾಗಲೇ ಸಾಕಾಗಿತ್ತು. ನೋವಿನಲ್ಲಿ ಇರುವವರಿಗೆ ಇದು ಸುಲಭ ಅಲ್ಲ. ಆದರೆ ಒಂದು ವಿಷಯ ಹೇಳಲೇಬೇಕು. ಆ ವಿದ್ಯಾರ್ಥಿಗೆ ಆತುರ ಇರಲಿಲ್ಲ. ತನ್ನ ಪುಸ್ತಕದಲ್ಲಿದ್ದ ಪ್ರಶ್ನೆಗಳನ್ನೆಲ್ಲ ಒಂದೂ ಬಿಡದೆ ಕೇಳಿದ. ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತದಾ, ಬಾಯಿ ಒಣಗುತ್ತದಾ ಅಂತ ಕೇಳಿದ. ಹೌದು, ಆಗುತ್ತಿತ್ತು. ಆದರೆ ಕೀಲಿಗೂ ಕಣ್ಣಿಗೂ ಸಂಬಂಧ ಇದೆ ಅಂತ ನನಗೆ ಹೊಳೆದೇ ಇರಲಿಲ್ಲ, ಅದಕ್ಕೇ ಯಾರ ಹತ್ತಿರವೂ ಹೇಳಿರಲಿಲ್ಲ. ಈ ಕಾಯಿಲೆ ಇರುವವರಲ್ಲಿ ಕಣ್ಣೀರಿನ ಮತ್ತು ಜೊಲ್ಲಿನ ಗ್ರಂಥಿಗಳಿಗೂ ತೊಂದರೆ ಆಗಬಹುದಂತೆ. ಅದೇ ವಾರ ಕಣ್ಣಿನ ಪರೀಕ್ಷೆ ಆಯಿತು, ಕಣ್ಣಿಗೆ ಹನಿ ಹಾಕಲು ಶುರು ಮಾಡಿದೆ. ಕಲಿಯುತ್ತಿರುವ ಹುಡುಗ ಕೇಳಿದ ಒಂದು ಪ್ರಶ್ನೆಯಿಂದ ಅದು ಸಿಕ್ಕಿದ್ದು. ವಿದ್ಯಾರ್ಥಿಗಳ ಬಗ್ಗೆ ನನ್ನ ಅಭಿಪ್ರಾಯ ಆವತ್ತೇ ಬದಲಾಯಿತು.

ಇನ್ನು ಪ್ರೊಫೆಸರ್. ಅವರು ಬಂದು ಕೂತವರೇ ರಿಪೋರ್ಟ್ ಕೇಳಲಿಲ್ಲ, ನನ್ನ ಕೈ ತೆಗೆದುಕೊಂಡರು. ಒಂದೊಂದೇ ಗೆಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಒತ್ತುತ್ತಾ ಹೋದರು. ಒತ್ತುವಾಗ ಪಕ್ಕದಲ್ಲಿ ನಿಂತ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು: ನಿಮ್ಮ ಉಗುರಿನ ತುದಿ ಬಿಳಿಯಾಗುವಷ್ಟು ಒತ್ತಿ, ಅದಕ್ಕಿಂತ ಜಾಸ್ತಿ ಬೇಡ, ಕಡಿಮೆಯೂ ಬೇಡ. ನಾನು ಅವರ ಉಗುರನ್ನೇ ನೋಡುತ್ತಿದ್ದೆ. ನಿಜವಾಗಲೂ ಪ್ರತಿ ಸಲ ತುದಿಯಲ್ಲಿ ಸಣ್ಣ ಬಿಳಿ ಗೆರೆ ಬಂದು ಹೋಗುತ್ತಿತ್ತು. ಎಲ್ಲಾ ಕೀಲಿಗೂ ಒಂದೇ ಒತ್ತಡ, ಎಲ್ಲಾ ರೋಗಿಗೂ ಒಂದೇ ಒತ್ತಡ. ಇವತ್ತು ಒತ್ತಿದ್ದಕ್ಕೂ ಮೂರು ತಿಂಗಳು ಬಿಟ್ಟು ಒತ್ತುವುದಕ್ಕೂ ಹೋಲಿಸಬೇಕಾದರೆ ಹಾಗೇ ಮಾಡಬೇಕು ಅಲ್ವಾ?

ಹೀಗೆ 28 ಕೀಲು. ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಎರಡು ಮಂಡಿ, ಮಿಕ್ಕ 20 ಕೈಬೆರಳುಗಳ ಗೆಣ್ಣುಗಳು. ನೋವಿರುವುದು ಎಷ್ಟು, ಊದಿರುವುದು ಎಷ್ಟು ಅಂತ ಬೇರೆ ಬೇರೆ ಲೆಕ್ಕ. ಅದರ ಜೊತೆ ರಕ್ತದಲ್ಲಿ ಉರಿಯೂತ ತೋರಿಸುವ ಇಎಸ್‌ಆರ್ ಅಥವಾ ಸಿಆರ್‌ಪಿ, ಮತ್ತೆ ನನಗೇ ಹೇಗನ್ನಿಸುತ್ತಿದೆ ಅಂತ ಸೊನ್ನೆಯಿಂದ ನೂರರವರೆಗಿನ ಒಂದು ಗೆರೆಯ ಮೇಲೆ ನಾನೇ ಹಾಕುವ ಗುರುತು. ಇವೆಲ್ಲ ಸೇರಿ ಒಂದು ಅಂಕ ಬರುತ್ತದೆ, ಅದಕ್ಕೆ ಡಾಸ್-28 ಅನ್ನುತ್ತಾರೆ. 5.1 ದಾಟಿದರೆ ಕಾಯಿಲೆ ಜೋರಾಗಿದೆ ಅಂತ ಅರ್ಥ. 2.6ಕ್ಕಿಂತ ಕೆಳಗಿಳಿದರೆ ಹತೋಟಿಗೆ ಬಂದ ಹಾಗೆ. ಆವತ್ತು ನನ್ನದು 5.8 ಇತ್ತು.

ನನಗೆ ಆಗ ಜಾಸ್ತಿ ನೋಯುತ್ತಿದ್ದದ್ದು ಪಾದ. ಆ 28ರಲ್ಲಿ ಪಾದ ಇಲ್ಲವೇ ಇಲ್ಲ! ಇದನ್ನು ಕೇಳಿದೆ. ಅವರು, ಹೌದು, ಈ ಲೆಕ್ಕದ ಕೊರತೆಯೇ ಅದು, ಬೇಗ ಎಣಿಸಲು ಆಗಲಿ ಅಂತ ಪಾದವನ್ನು ಬಿಟ್ಟಿದ್ದಾರೆ, ಅಂಕ ಚೆನ್ನಾಗಿದ್ದರೂ ಪಾದ ಕೆಟ್ಟಿರಬಹುದು ಅಂತ ಒಪ್ಪಿಕೊಂಡು, ಚಪ್ಪಲಿ ತೆಗೆಯಿರಿ ಅಂದರು. ಕೆಳಗೆ ಕೂತು ಎರಡೂ ಪಾದ ನೋಡಿ, ಫೈಲಿನ ಅಂಚಿನಲ್ಲಿ ಕೈಯಿಂದ ಬರೆದರು. ತಾವೇ ದಿನಾ ಬಳಸುವ ಅಳತೆಗೋಲಿನ ತಪ್ಪು ಗೊತ್ತಿರುವ ಡಾಕ್ಟರ್ ಸಿಗುವುದು ದೊಡ್ಡ ವಿಷಯ. ಸಂಶೋಧನೆ ಮಾಡುವವರಿಗೆ ಅದು ಗೊತ್ತಿರುತ್ತದೆ. ಆ ಅಳತೆಗೋಲನ್ನು ಇಟ್ಟುಕೊಂಡೇ ಅವರು ಬರೆಯುತ್ತಾರೆ, ಬೇರೆಯವರ ಹತ್ತಿರ ಬೈಸಿಕೊಳ್ಳುತ್ತಾರೆ, ತಿದ್ದಿಕೊಳ್ಳುತ್ತಾರೆ.

ಎಣಿಸುವುದರಿಂದ ಏನಾಗುತ್ತದೆ ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಮಾತ್ರೆ ತಾನೇ ಗುಣ ಮಾಡೋದು, ಎಣಿಕೆ ಅಲ್ಲವಲ್ಲ? ಒಂದು ದಿನ ಕ್ಲಿನಿಕ್ಕಿನಲ್ಲಿ ಜನ ಕಡಿಮೆ ಇದ್ದಾಗ ಪ್ರೊಫೆಸರ್ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನಡೆದ ಟಿಕೋರಾ ಅನ್ನುವ ಅಧ್ಯಯನದ ಬಗ್ಗೆ ಹೇಳಿದರು. ಅದು ಪ್ರಕಟವಾದದ್ದು 2004ರಲ್ಲಿ. ಸುಮಾರು 110 ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಎಂದಿನ ಹಾಗೆ ಮೂರು ತಿಂಗಳಿಗೊಮ್ಮೆ ಭೇಟಿ. ಇನ್ನೊಂದು ಗುಂಪಿಗೆ ಪ್ರತಿ ತಿಂಗಳು ಭೇಟಿ, ಪ್ರತಿ ಸಲ ಕೀಲು ಎಣಿಸುವುದು, ಅಂಕ ಇಳಿಯದಿದ್ದರೆ ಅಲ್ಲೇ ಮದ್ದು ಏರಿಸುವುದು. ಎರಡೂ ಗುಂಪಿಗೆ ಇದ್ದದ್ದು ಆಗಲೇ ಬಳಕೆಯಲ್ಲಿದ್ದ ಹಳೆಯ ಮದ್ದುಗಳು. ಹೊಸ ಔಷಧ ಯಾವುದೂ ಇಲ್ಲ. ಒಂದೂವರೆ ವರ್ಷದ ಕೊನೆಗೆ ಎಂದಿನ ಗುಂಪಿನಲ್ಲಿ ಕಾಯಿಲೆ ಹತೋಟಿಗೆ ಬಂದವರು ನೂರಕ್ಕೆ 16, ಎಣಿಸುತ್ತಾ ಹೋದ ಗುಂಪಿನಲ್ಲಿ ನೂರಕ್ಕೆ 65.

ಇದನ್ನು ಕೇಳಿದ ಮೇಲೆ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನನ್ನ ಆ ಏಳು ತಿಂಗಳು ಕಣ್ಣ ಮುಂದೆ ಬಂತು. ಸಂಶೋಧನೆ ಅಂದರೆ ಲ್ಯಾಬು, ಇಲಿ, ಹೊಸ ಇಂಜೆಕ್ಷನ್ ಅಂತ ನಾನು ಅಂದುಕೊಂಡಿದ್ದೆ. ರೋಗಿಯನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕು, ನೋಡಿದಾಗ ಏನು ಮಾಡಬೇಕು ಅನ್ನೋದೂ ಸಂಶೋಧನೆಯೇ. ಅದನ್ನು ದಿನಾ ಓಪಿಡಿಯಲ್ಲಿ ಕೂರುವ ಡಾಕ್ಟರ್‌ಗಳೇ ಮಾಡಬೇಕು, ಬೇರೆ ಯಾರಿಗೂ ಆಗುವುದಿಲ್ಲ. ನಮ್ಮ ವಿಭಾಗದಲ್ಲಿ ಮೊದಲ ಆರು ತಿಂಗಳು ನನ್ನನ್ನು ತಿಂಗಳಿಗೊಮ್ಮೆ ಕರೆದರು. ಯಾಕೆ ಇಷ್ಟು ಸಲ ಅಂತ ಆಗ ಗೊಣಗಿದ್ದೆ. ಕಾರಣ ಗೊತ್ತಾದ ಮೇಲೆ ಒಂದು ಭೇಟಿಯನ್ನೂ ತಪ್ಪಿಸಲಿಲ್ಲ.

ಮದ್ದಿನ ವಿಷಯಕ್ಕೆ ಬರುತ್ತೇನೆ. ಮೊದಲು ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ, ರಕ್ತದ ಕಣಗಳು ಕುಸಿಯುತ್ತವೆ. ಜೊತೆಗೆ ಫೋಲಿಕ್ ಆಸಿಡ್ ಮಾತ್ರೆ, ಮತ್ತೆ ಲಿವರ್ ಮತ್ತು ರಕ್ತಕಣಗಳ ಪರೀಕ್ಷೆ. ಇದು ಕ್ಯಾನ್ಸರ್ ಮದ್ದು ಅಂತ ಇಂಟರ್ನೆಟ್ಟಿನಲ್ಲಿ ಓದಿ ನಾನು ಹೆದರಿ ಹೋಗಿದ್ದೆ. ಪ್ರೊಫೆಸರ್ ಅದನ್ನು ಮುಚ್ಚಿಡಲಿಲ್ಲ. ಇದರ ಅಣ್ಣನಂತಿರುವ ಅಮಿನಾಪ್ಟೆರಿನ್ ಅನ್ನು ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರ್ ಆದ ಮಕ್ಕಳಿಗೆ ಕೊಟ್ಟು 1948ರಲ್ಲಿ ಫಲಿತಾಂಶ ಪ್ರಕಟಿಸಿದ್ದು, ಆಮೇಲೆ 1985ರಲ್ಲಿ ಅದೇ ಊರಿನ ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ಮೈಕೆಲ್ ವೈನ್‌ಬ್ಲಾಟ್ ತಂಡ ಕೀಲುವಾತಕ್ಕೆ ಮೆಥೊಟ್ರೆಕ್ಸೇಟನ್ನು ತುಂಬಾ ಕಡಿಮೆ ಪ್ರಮಾಣದಲ್ಲಿ ವಾರಕ್ಕೊಮ್ಮೆ ಕೊಟ್ಟು, ಮದ್ದೇ ಇಲ್ಲದ ಹುಸಿ ಮಾತ್ರೆಗೆ ಹೋಲಿಸಿ, ಕೆಲಸ ಮಾಡುತ್ತದೆ ಅಂತ ತೋರಿಸಿದ್ದು, ಎಲ್ಲಾ ಹೇಳಿದರು. ಐದು ನಿಮಿಷದ ಮಾತು. ನನ್ನ ಹೆದರಿಕೆ ಪೂರ್ತಿ ಹೋಗಲಿಲ್ಲ, ಆದರೆ ಮಾತ್ರೆ ನುಂಗುವಷ್ಟು ಧೈರ್ಯ ಬಂತು.

ಅಂಕ 5.8ರಿಂದ 4.3ಕ್ಕೆ ಇಳಿದು ಅಲ್ಲೇ ನಿಂತಿತು. ಆಗ ಸಲ್ಫಾಸಲಜಿನ್ ಸೇರಿಸಿದರು. ಇದರ ಕಥೆ ನನಗೆ ತುಂಬಾ ಇಷ್ಟ. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯಲ್ಲಿ ಪ್ರೊಫೆಸರ್ ಆಗಿದ್ದ ನಾನ್ನಾ ಸ್ವಾರ್ಟ್ಸ್ ಅನ್ನುವ ಡಾಕ್ಟರ್ 1930ರ ದಶಕದ ಕೊನೆಯಲ್ಲಿ ಕೀಲುವಾತದ ರೋಗಿಗಳಿಗಾಗಿಯೇ ಇದನ್ನು ಮಾಡಿಸಿದರು. ಸೋಂಕಿನಿಂದ ಕಾಯಿಲೆ ಬರುತ್ತದೆ ಅಂತ ಆಗಿನ ನಂಬಿಕೆ, ಹಾಗಾಗಿ ಸೋಂಕು ಕೊಲ್ಲುವ ಸಲ್ಫಾ ಮದ್ದಿಗೂ ಉರಿಯೂತ ಇಳಿಸುವ ಸ್ಯಾಲಿಸಿಲಿಕ್ ಆಸಿಡ್ ಜಾತಿಯ ಮದ್ದಿಗೂ ಗಂಟು ಹಾಕಿದರು. ಕರುಳಿನ ಹುಣ್ಣಿನ ಕಾಯಿಲೆ ಇದ್ದವರಿಗೂ ಇದು ಕೆಲಸ ಮಾಡಿತು. ಸುಮಾರು 80 ವರ್ಷಕ್ಕೂ ಹಿಂದೆ ಒಬ್ಬ ಪ್ರೊಫೆಸರ್ ತಮ್ಮ ವಾರ್ಡಿನಲ್ಲಿ ಶುರು ಮಾಡಿದ್ದು ಈಗ ನನ್ನ ಮಾತ್ರೆ ಡಬ್ಬಿಯಲ್ಲಿದೆ.

ನನಗಿರುವುದು ಇದೇ ಕಾಯಿಲೆ ಅಂತ ಗಟ್ಟಿ ಮಾಡಿದ ರಕ್ತಪರೀಕ್ಷೆ ಆಂಟಿ-ಸಿಸಿಪಿ. ಅದೂ ಇಂಥದ್ದೇ ಕೆಲಸದ ಫಲ, ನೆದರ್‌ಲ್ಯಾಂಡ್ಸ್‌ನ ನೈಮೇಗನ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಕೊನೆಯಲ್ಲಿ ಬೆಳೆದದ್ದು.

ಮುಂದೆ ನನಗೆ ಬೇಕಾಗಬಹುದಾದ ಇಂಜೆಕ್ಷನ್‌ಗಳ ಬಗ್ಗೆಯೂ ಮಾತಾಡಿದ್ದೇವೆ. ಟಿಎನ್‌ಎಫ್ ಅನ್ನುವ ಒಂದು ಪ್ರೋಟೀನನ್ನು ತಡೆಯುವ ಮದ್ದುಗಳು. ಲಂಡನ್ನಿನ ಕೆನಡಿ ಸಂಸ್ಥೆಯಲ್ಲಿ ಮಾರ್ಕ್ ಫೆಲ್ಡ್‌ಮನ್ ಲ್ಯಾಬಿನ ಕಡೆಯಿಂದ, ರವೀಂದರ್ ಮೈನಿ ರೋಗಿಗಳ ಕಡೆಯಿಂದ ಒಂದೇ ಪ್ರಶ್ನೆಯ ಹಿಂದೆ ಬಿದ್ದರು. ಊದಿದ ಕೀಲಿನಿಂದ ತೆಗೆದ ಪೊರೆಯ ಕೋಶಗಳನ್ನು ಬೆಳೆಸಿ, ಟಿಎನ್‌ಎಫ್ ಒಂದನ್ನು ತಡೆದರೆ ಉರಿಯೂತದ ಉಳಿದ ರಾಸಾಯನಿಕಗಳೂ ಇಳಿಯುತ್ತವೆ ಅಂತ ಲ್ಯಾಬಿನಲ್ಲಿ ಕಂಡಿದ್ದು ಮೊದಲು. ಆಮೇಲೆ 1992ರಲ್ಲಿ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಬೇರೆ ಯಾವ ಮದ್ದಿಗೂ ಬಗ್ಗದ 20 ರೋಗಿಗಳಿಗೆ ಕೊಟ್ಟು ನೋಡಿದರು. ಮುಂದೆ 73 ಜನರಲ್ಲಿ ಹುಸಿ ಮದ್ದಿನ ಜೊತೆ ಹೋಲಿಸಿ 1994ರಲ್ಲಿ ಪ್ರಕಟಿಸಿದರು. ರೋಗಿಯ ಮಂಡಿಯಿಂದ ಲ್ಯಾಬಿಗೆ, ಲ್ಯಾಬಿನಿಂದ ಮತ್ತೆ ರೋಗಿಗೆ. ಈ ಹೋಗಿಬರುವ ದಾರಿ ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಮೆಡಿಕಲ್ ಕಾಲೇಜಿನಲ್ಲಿ ಅದು ಒಂದೇ ಕಟ್ಟಡದ ಎರಡು ಮಹಡಿಯಷ್ಟು ದೂರ ಇರುತ್ತದೆ. ಈ ಇಂಜೆಕ್ಷನ್ ಕೊಡುವ ಮೊದಲು ಮೈಯಲ್ಲಿ ಎಲ್ಲಾದರೂ ಕ್ಷಯ ಅಡಗಿದೆಯಾ ಅಂತ ಪರೀಕ್ಷೆ ಮಾಡಲೇಬೇಕು, ಇಲ್ಲದಿದ್ದರೆ ಮಲಗಿದ್ದ ಕ್ಷಯ ಎದ್ದು ಕೂರಬಹುದು. ನನಗೆ ಇನ್ನೂ ಅದರ ಅಗತ್ಯ ಬಂದಿಲ್ಲ.

ಈಗ ದೂರುಗಳು.

ಕಾಯುವುದು. ಒಂಬತ್ತು ಗಂಟೆಗೆ ಬನ್ನಿ ಅಂತಾರೆ, ನೋಡುವುದು ಹನ್ನೆರಡೂವರೆಗೆ. ಎರಡೂವರೆ ವರ್ಷದಲ್ಲಿ ಇದು ಒಂದಿಷ್ಟೂ ಸುಧಾರಿಸಿಲ್ಲ. ಕೀಲುರೋಗ ವಿಭಾಗದ ಕುರ್ಚಿಗಳು ಕೀಲುರೋಗಿಗಳು ಕೂರುವ ಹಾಗಿಲ್ಲ, ತೀರಾ ತಗ್ಗು, ಕೈ ಊರಿ ಏಳಲು ಪಕ್ಕದಲ್ಲಿ ಹಿಡಿಕೆ ಇಲ್ಲ. ಮಣಿಕಟ್ಟು ಊದಿದವರು ಏನು ಹಿಡಿದು ಏಳಬೇಕು? ಇದನ್ನು ಬರೆದು ಕೊಟ್ಟಿದ್ದೇನೆ, ಎರಡು ಸಲ. ಪ್ರೊಫೆಸರ್ ಸಮ್ಮೇಳನಕ್ಕೋ ಪರೀಕ್ಷೆ ನಡೆಸಲೋ ಹೋಗಿದ್ದರೆ ಮೊದಲೇ ತಿಳಿಸುವುದಿಲ್ಲ, ಅಲ್ಲಿ ಹೋದ ಮೇಲೆ ಗೊತ್ತಾಗುತ್ತದೆ. ಒಬ್ಬ ಮನುಷ್ಯ ಪಾಠ, ಚಿಕಿತ್ಸೆ, ಸಂಶೋಧನೆ ಮೂರನ್ನೂ ಮಾಡಿದರೆ ಯಾವುದಾದರೂ ಒಂದಕ್ಕೆ ಸಮಯ ಕಡಿಮೆ ಬೀಳುತ್ತದೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಒಂದು ಮೆಸೇಜ್ ಕಳಿಸಲು ಪ್ರೊಫೆಸರೇ ಬೇಕಾಗಿಲ್ಲ.

ರೆಸಿಡೆಂಟ್‌ಗಳು ಬದಲಾಗುತ್ತಲೇ ಇರುತ್ತಾರೆ. ನನಗೆ ಇಲ್ಲಿಯವರೆಗೆ ಐದು ಜನ. ಮೂರನೆಯವರ ಕಾಲದಲ್ಲಿ ನಡೆದದ್ದನ್ನು ಹೇಳಲೇಬೇಕು. ಆವತ್ತು ತುಂಬಾ ರಶ್. ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ ಅಂತ ಬರೆದು ಪಕ್ಕದಲ್ಲಿ ವಾರಕ್ಕೊಮ್ಮೆ ಅನ್ನುವುದನ್ನು ಬಿಟ್ಟಿದ್ದರು. ಬಿಟ್ಟಿದ್ದು ಅಷ್ಟೇ ಅಲ್ಲ, ದಿನಕ್ಕೆ ಒಂದು ಅನ್ನುವ ಕಡೆ ಗುರುತು ಬಿದ್ದಿತ್ತು. ನನಗೆ ಗೊತ್ತಿದ್ದರಿಂದ ಬಚಾವಾದೆ. ಔಷಧದ ಕೌಂಟರಿನಲ್ಲಿದ್ದವರೂ ಚೀಟಿ ನೋಡಿದ ಕೂಡಲೇ ಹುಬ್ಬು ಗಂಟಿಕ್ಕಿ ವಾಪಸ್ ಕಳಿಸಿದರು. ಗೊತ್ತಿಲ್ಲದ ವಯಸ್ಸಾದ ರೋಗಿ ಆಗಿದ್ದರೆ, ಕೌಂಟರಿನಲ್ಲಿ ಬೇರೆ ಯಾರೋ ಇದ್ದಿದ್ದರೆ? ಯೋಚಿಸಿದರೆ ಈಗಲೂ ಮೈ ಜುಂ ಅನ್ನುತ್ತದೆ.

ಆಮೇಲೆ ಆದದ್ದನ್ನೂ ಹೇಳಬೇಕು. ಪ್ರೊಫೆಸರ್ ಆ ರೆಸಿಡೆಂಟನ್ನು ನನ್ನ ಮುಂದೆ ಬೈಯಲಿಲ್ಲ. ನನ್ನ ಹತ್ತಿರ ಇಬ್ಬರೂ ಕ್ಷಮೆ ಕೇಳಿದರು. ಮುಂದಿನ ಭೇಟಿಗೆ ಹೋದಾಗ ಚೀಟಿಯೇ ಬದಲಾಗಿತ್ತು. ಮೆಥೊಟ್ರೆಕ್ಸೇಟಿಗೆ ಬೇರೆಯೇ ಒಂದು ಚೌಕ, ಅದರಲ್ಲಿ ವಾರದ ಏಳು ದಿನಗಳ ಹೆಸರು, ಸೋಮವಾರದಿಂದ ಭಾನುವಾರದವರೆಗೆ, ಒಂದಕ್ಕೆ ಮಾತ್ರ ಸುತ್ತು ಹಾಕಬೇಕು. ನನ್ನದು ಗುರುವಾರ. ತಪ್ಪು ಆಗಲೇಬಾರದಿತ್ತು. ಆದರೆ ತಪ್ಪಾದಾಗ ಮನುಷ್ಯನನ್ನು ಬೈದು ಬಿಡದೆ, ತಪ್ಪಿಗೆ ದಾರಿ ಮಾಡಿದ ಕಾಗದವನ್ನೇ ತಿದ್ದಿದರು. ಅದಕ್ಕೇ ನಾನು ಅಲ್ಲಿಂದ ಬಿಟ್ಟು ಬರಲಿಲ್ಲ.

ಇನ್ನು ತುಂಬಾ ಜನ ಹೆದರುವ ವಿಷಯ: ನಮ್ಮ ಮೇಲೆ ಪ್ರಯೋಗ ಮಾಡುತ್ತಾರಾ?

ನನ್ನನ್ನು ಎರಡು ಸಲ ಕೇಳಿದ್ದಾರೆ. ಮೊದಲನೆಯದು ಒಂದು ಹೊಸ ಔಷಧದ ಪ್ರಯೋಗ. ಯಾರಿಗೆ ಹೊಸ ಮದ್ದು, ಯಾರಿಗೆ ಹಳೆಯದು ಅಂತ ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹಂಚುತ್ತದೆ, ನನಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ. ಆ ಔಷಧದ ಕಂಪನಿಯಿಂದ ವಿಭಾಗಕ್ಕೆ ಸಂಶೋಧನೆಯ ಹಣ ಬರುತ್ತದೆ ಅಂತ ಪ್ರೊಫೆಸರ್ ತಾವೇ ಮೊದಲು ಹೇಳಿದರು. 14 ಪುಟದ ಒಪ್ಪಿಗೆ ಪತ್ರ ಕೊಟ್ಟು, ಮನೆಗೆ ತೆಗೆದುಕೊಂಡು ಹೋಗಿ ಓದಿ, ಆತುರ ಇಲ್ಲ ಅಂದರು. ಓದಿದೆ. ಯಾವಾಗ ಬೇಕಾದರೂ, ಕಾರಣ ಕೊಡದೆ, ಹೊರಗೆ ಬರಬಹುದು ಅನ್ನುವ ಸಾಲನ್ನು ಎರಡು ಸಲ ಓದಿದೆ. ಆದರೂ ಮನಸ್ಸು ಒಪ್ಪಲಿಲ್ಲ. ಬೇಡ ಅಂದೆ. ಸರಿ ಅಂದರು, ಫೈಲಿನ ಪುಟ ತಿರುಗಿಸಿದರು, ನನ್ನ ಬಲಗೈ ಹಿಡಿದು ಎಣಿಸಲು ಶುರು ಮಾಡಿದರು. ಆಮೇಲಿನ ಭೇಟಿಗಳಲ್ಲಿ ಏನಾದರೂ ಬದಲಾಗುತ್ತದಾ ಅಂತ ನಾನು ಗಮನಿಸುತ್ತಲೇ ಇದ್ದೆ. ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಆ ಸಾಲು ಪತ್ರದಲ್ಲಿ ಸುಮ್ಮನೆ ಬಂದದ್ದಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ಕೈದಿಗಳ ಮೇಲೆ ಪ್ರಯೋಗ ಮಾಡಿದ ನಾಜಿ ಡಾಕ್ಟರ್‌ಗಳ ವಿಚಾರಣೆಯ ಕೊನೆಗೆ 1947ರಲ್ಲಿ, ಮನುಷ್ಯರ ಮೇಲೆ ಪ್ರಯೋಗ ಮಾಡಲು ಅವರ ಒಪ್ಪಿಗೆ ಬೇಕೇ ಬೇಕು ಅನ್ನುವ ನ್ಯೂರೆಂಬರ್ಗ್ ಸಂಹಿತೆ ಬಂತು. 1964ರಲ್ಲಿ ವಿಶ್ವ ವೈದ್ಯಕೀಯ ಸಂಘ ಇಂಥ ಸಂಶೋಧನೆ ಮಾಡುವ ಡಾಕ್ಟರ್‌ಗಳು ಪಾಲಿಸಬೇಕಾದ ನಿಯಮಗಳ ಹೆಲ್ಸಿಂಕಿ ಘೋಷಣೆ ಮಾಡಿತು. ಆದರೂ ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಸುಮಾರು 400 ಕಪ್ಪು ಗಂಡಸರಿಗೆ ನಿಜ ಹೇಳದೆ, ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡದೆ, ಕಾಯಿಲೆ ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತಾ ಕೂತಿದ್ದರು. ಅದನ್ನು ನಡೆಸಿದ್ದು ಸರ್ಕಾರದ್ದೇ ಆರೋಗ್ಯ ಇಲಾಖೆ. ಹಾಗಾಗಿ ರೋಗಿಗಳ ಹೆದರಿಕೆಗೆ ಕಾರಣ ಇದೆ, ಅದನ್ನು ಯಾರೂ ಅಜ್ಞಾನ ಅಂತ ತಳ್ಳಿಹಾಕಬಾರದು. ಹೆದರಿಕೆ ಇದ್ದರೆ ಕೇಳಿ. ಇದಕ್ಕೆ ನೀತಿ ಸಮಿತಿಯ (ಎಥಿಕ್ಸ್ ಕಮಿಟಿ) ಒಪ್ಪಿಗೆ ಇದೆಯಾ? ಅಧ್ಯಯನವನ್ನು ಎಲ್ಲಾದರೂ ನೋಂದಾಯಿಸಿದ್ದೀರಾ? ನನಗೆ ತೊಂದರೆ ಆದರೆ ಹೊಣೆ ಯಾರು? ಇಂಥ ಅಧ್ಯಯನಗಳನ್ನು ನೋಂದಾಯಿಸುವ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಅನ್ನುವ ತಾಣ 2000ದಿಂದ ಇದೆ, ಯಾರು ಬೇಕಾದರೂ ಹುಡುಕಿ ನೋಡಬಹುದು. ಉತ್ತರ ಕೊಡಲು ಸಿಡುಕುವ ಡಾಕ್ಟರ್ ಆದರೆ ಸಹಿ ಹಾಕಬೇಡಿ.

ಎರಡನೇ ಸಲ ಕೇಳಿದಾಗ ಒಪ್ಪಿದೆ. ಅದರಲ್ಲಿ ಹೊಸ ಮದ್ದು ಇರಲಿಲ್ಲ. ಪ್ರತಿ ಭೇಟಿಯಲ್ಲಿ ಒಂದು ಟ್ಯೂಬ್ ರಕ್ತ ಜಾಸ್ತಿ, ಕೈಗೆ ಒಂದು ಅಲ್ಟ್ರಾಸೌಂಡ್. ಅಲ್ಟ್ರಾಸೌಂಡ್ ಮಾಡುವಾಗ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕೀಲಿನ ಪೊರೆಯೊಳಗೆ ರಕ್ತ ಹರಿಯುವ ಕಡೆ ಕೆಂಪು ಕಿತ್ತಳೆ ಚುಕ್ಕೆಗಳು ಮಿಣಮಿಣ ಅನ್ನುತ್ತಿದ್ದವು. ಇದು ಉರಿಯೂತ ಇನ್ನೂ ಇದೆ ಅನ್ನುವ ಗುರುತು ಅಂದರು. ಒಂದು ವರ್ಷ ಆದ ಮೇಲೆ ಅದೇ ಗೆಣ್ಣಿನಲ್ಲಿ ಬರೀ ಬೂದು ಬಣ್ಣ. ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ನೋವು ಕಡಿಮೆ ಆಗಿದೆ ಅಂತ ನನಗೆ ಗೊತ್ತಿತ್ತು, ಆದರೆ ಹೀಗೆ ಕಣ್ಣಾರೆ ನೋಡಿದಾಗ ಗಂಟಲು ಕಟ್ಟಿತು.

ಇದರಲ್ಲೂ ಒಂದು ಬೇಸರ ಇದೆ. ಅಧ್ಯಯನ ಮುಗಿದು ಒಂದು ವರ್ಷ ಆಯಿತು. ಒಟ್ಟಾರೆ ಏನು ಗೊತ್ತಾಯಿತು ಅಂತ ರಕ್ತ ಕೊಟ್ಟ ನಮಗೆ ಯಾರೂ ಹೇಳಿಲ್ಲ. ನಾನೇ ಕೇಳಿದಾಗ, ಬರೆಯುತ್ತಿದ್ದೇವೆ, ಪ್ರಕಟವಾದ ಮೇಲೆ ಕೊಡುತ್ತೇವೆ ಅಂದರು. ಪ್ರಕಟವಾಗುವುದು ಡಾಕ್ಟರ್‌ಗಳಿಗೆ ಅರ್ಥವಾಗುವ ಭಾಷೆಯಲ್ಲಿ. ನಮಗೆ ನಮ್ಮ ಮಾತಿನಲ್ಲಿ ಒಂದು ಪುಟ ಬೇಕು. ಇಷ್ಟು ಎಣಿಸುವ, ಇಷ್ಟು ಬರೆದಿಡುವ ಜನರಿಗೆ ಈ ಒಂದು ಪುಟ ಯಾಕೆ ಕಷ್ಟ ಅಂತ ನನಗೆ ಅರ್ಥ ಆಗಿಲ್ಲ.

ಹೋಗುವವರಿಗೆ ಒಂದೆರಡು ಮಾತು. ತುರ್ತು ನೋವಿಗೆ, ಬೇಗ ಮುಗಿಸಿ ಬರಬೇಕಾದ ಸಣ್ಣ ಕಾಯಿಲೆಗೆ ಇಲ್ಲಿ ಹೋಗಬೇಡಿ, ಹತ್ತಿರದ ಡಾಕ್ಟರೇ ಸಾಕು. ವರ್ಷಗಟ್ಟಲೆ ಜೊತೆಗಿರುವ ಕಾಯಿಲೆ, ಏನು ಅಂತ ಯಾರಿಗೂ ತಿಳಿಯದ ಕಾಯಿಲೆ, ಮದ್ದು ಬದಲಿಸಿ ಬದಲಿಸಿ ಸಾಕಾದ ಕಾಯಿಲೆ ಇದ್ದರೆ ಕಾಯುವ ಕಷ್ಟ ಸಹಿಸಿ ಹೋಗಿ. ಹಳೆಯ ರಿಪೋರ್ಟ್, ಹಳೆಯ ಎಕ್ಸ್‌ರೇ ಎಲ್ಲಾ ತೆಗೆದುಕೊಂಡು ಹೋಗಿ, ರೆಸಿಡೆಂಟ್ ಬದಲಾದರೂ ನಿಮ್ಮ ಫೈಲ್ ಬದಲಾಗುವುದಿಲ್ಲ. ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ ಅಂತ ಒಂದು ವಾರ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ, ಅದನ್ನು ಖಂಡಿತ ಕೇಳುತ್ತಾರೆ. ವಿದ್ಯಾರ್ಥಿ ಮುಟ್ಟುವುದು ಬೇಡ ಅನ್ನಿಸಿದರೆ ಹೇಳಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಮಾತ್ರ ಮುಟ್ಟಲು ಬಿಡುತ್ತೇನೆ. ಹೋದ ತಿಂಗಳು ಒಬ್ಬಳು ಹುಡುಗಿ ಹೆದರಿ ಹೆದರಿ ನನ್ನ ಗೆಣ್ಣು ಹಿಡಿದಿದ್ದಳು, ಉಗುರು ಇನ್ನೂ ಗುಲಾಬಿಯಾಗೇ ಇತ್ತು. ಇನ್ನೂ ಸ್ವಲ್ಪ ಒತ್ತಮ್ಮ, ನೋವಾದರೆ ಹೇಳುತ್ತೇನೆ ಅಂದೆ.

ಆವತ್ತಿನ ಅಂಕ 2.4. ಊದಿದ ಕೀಲು ಒಂದು, ನೋವಿರುವುದು ಎರಡು. ಬಾಟಲಿಯ ಮುಚ್ಚಳ ಈಗ ಒಂದೇ ಕೈಯಲ್ಲಿ ತೆಗೆಯುತ್ತೇನೆ. ಎಡಪಾದದ ಕಿರುಬೆರಳಿನ ಬುಡದಲ್ಲಿ ಮಾತ್ರ ನೋವು ಹಾಗೇ ಇದೆ, 28ರ ಲೆಕ್ಕಕ್ಕೆ ಅದು ಸಿಗುವುದಿಲ್ಲ. ಪ್ರೊಫೆಸರ್ ಅದನ್ನೂ ಅಂಚಿನಲ್ಲಿ ಬರೆದುಕೊಂಡು ಪಾದದ ಎಕ್ಸ್‌ರೇ ಹೇಳಿದ್ದಾರೆ. ಮುಂದಿನ ತಿಂಗಳು ಭೇಟಿ ಇದೆ. ಎಕ್ಸ್‌ರೇಯಲ್ಲಿ ಏನು ಬಂತು, ಕುರ್ಚಿ ಬದಲಾದವಾ ಅನ್ನುವುದನ್ನು ಹೋಗಿ ಬಂದ ಮೇಲೆ ಇಲ್ಲೇ ಸೇರಿಸುತ್ತೇನೆ.